ಸೊನ್ನೆ ಹಣ್ಣಿಗೆ 256 ಸುತ್ತು

ಉಪ್ಪಿಟ್ಟಿಗೆ ರವೆ ಹುರಿಯಲು ಮಕ್ಕಳಿಗೆ ಹೇಳಿಕೊಡುವವರು 'ಐವತ್ತು ಸಲ ಕೈಯಾಡಿಸು' ಎನ್ನುವುದಿಲ್ಲ. 'ಘಮ್ಮೆನ್ನುವವರೆಗೆ ಕೈಯಾಡಿಸು' ಎನ್ನುತ್ತಾರೆ. ಆ ಮಾತಿನಲ್ಲಿ ಎರಡು ಸಂಗತಿಗಳಿವೆ. ಮತ್ತೆ ಮತ್ತೆ ಮಾಡಬೇಕಾದ ಕೆಲಸ ಒಂದು. ಯಾವಾಗ ನಿಲ್ಲಿಸಬೇಕೆಂಬ ಸೂಚನೆ ಇನ್ನೊಂದು. ಕಂಪ್ಯೂಟರಿಗೂ ಹೀಗೆಯೇ ಹೇಳಬೇಕು. ಅಂಥ ಆದೇಶಕ್ಕೆ 'ಲೂಪ್' ಎಂದು ಹೆಸರು. ಆದರೆ ಕಂಪ್ಯೂಟರಿಗೆ ರವೆ ಸೀದ ವಾಸನೆ ತಿಳಿಯದು, ಬೇಸರವೂ ಬಾರದು. ಸೂಚನೆ ತಪ್ಪಿದರೆ ಅದು ಸುತ್ತುತ್ತಲೇ ಇರುತ್ತದೆ.

ಜಪಾನಿನ ನಾಮ್ಕೋ ಕಂಪನಿ 1980ರಲ್ಲಿ ಹೊರತಂದ 'ಪ್ಯಾಕ್-ಮ್ಯಾನ್' ಆಟ ಇದಕ್ಕೆ ಒಳ್ಳೆಯ ನಿದರ್ಶನ. ತೋರು ಇವಾತಾನಿ ಎಂಬುವರು ರೂಪಿಸಿದ ಆಟವಿದು. ಹಳದಿ ಬಣ್ಣದ ಗುಂಡು ಬಾಯಿಯೊಂದು ಭೂತಗಳಿಂದ ತಪ್ಪಿಸಿಕೊಳ್ಳುತ್ತ 244 ಚುಕ್ಕೆಗಳನ್ನು ತಿನ್ನಬೇಕು. ತಿಂದು ಮುಗಿಸಿದರೆ ಮುಂದಿನ ಹಂತ. ಆಟಕ್ಕೆ ಕೊನೆಯೆಂಬುದನ್ನು ಯಾರೂ ಇಟ್ಟಿರಲಿಲ್ಲ. ಆದರೂ 256ನೆಯ ಹಂತದಲ್ಲಿ ಪರದೆಯ ಬಲ ಅರ್ಧ ಅಕ್ಷರ, ಚೂರುಪಾರುಗಳಿಂದ ತುಂಬಿಹೋಗುತ್ತದೆ. ಚುಕ್ಕೆಗಳು ಸಾಲುವುದಿಲ್ಲ, ಆಟ ಮುಂದುವರಿಯುವುದಿಲ್ಲ.

ಕಾರಣವೇನು? ಎಷ್ಟನೆಯ ಹಂತವೆಂದು ತೋರಿಸಲು ಪರದೆಯ ಕೆಳಗೆ ಹಣ್ಣಿನ ಚಿತ್ರಗಳನ್ನು ಬರೆಯುವ ಲೂಪ್ ಒಂದಿತ್ತು. ಹಂತದ ಲೆಕ್ಕಕ್ಕೆ ಮೀಸಲಿದ್ದುದು ಒಂದೇ ಬೈಟ್. ಅದರಲ್ಲಿ ಹಿಡಿಸುವುದು 0ಯಿಂದ 255ರವರೆಗಿನ ಸಂಖ್ಯೆ ಮಾತ್ರ. ಹಳೆಯ ಸ್ಕೂಟರಿನ ಮೀಟರು 99999 ದಾಟಿದೊಡನೆ 00000 ಆಗುವಂತೆ, 256 ಆಗಬೇಕಾದದ್ದು ಸೊನ್ನೆಯಾಯಿತು. ಏಳಕ್ಕಿಂತ ಹೆಚ್ಚು ಹಣ್ಣು ಬರೆಯದಂತೆ ತಡೆಯೊಂದಿತ್ತು, ನಿಜ. ಆದರೆ ಸೊನ್ನೆ ಏಳಕ್ಕಿಂತ ಚಿಕ್ಕದಲ್ಲವೇ? ತಡೆ ಅದನ್ನು ಹಾಗೆಯೇ ಒಳಗೆ ಬಿಟ್ಟಿತು.

ಸೊನ್ನೆ ಹಣ್ಣು ಎಂದರೆ ಏನನ್ನೂ ಬರೆಯಬಾರದು. ಆದರೆ ಆ ಲೂಪ್ ಮೊದಲು ಹಣ್ಣು ಬರೆಯುತ್ತಿತ್ತು, ಆಮೇಲೆ ಒಂದು ಕಳೆದು, 'ಸೊನ್ನೆಯಾಯಿತೇ?' ಎಂದು ಕೇಳುತ್ತಿತ್ತು. ಸೊನ್ನೆಯಲ್ಲಿ ಒಂದು ಕಳೆದರೆ ಆ ಬೈಟಿನ ಲೆಕ್ಕದಲ್ಲಿ 255. ಹೀಗೆ ಒಟ್ಟು 256 ಸುತ್ತು! ಹಣ್ಣಿನ ಚಿತ್ರಗಳು ಮುಗಿದ ಮೇಲೆ ಮೆಮೊರಿಯಲ್ಲಿ ಮುಂದೆ ಏನಿತ್ತೋ ಅದನ್ನೇ ಯಂತ್ರ ಬರೆಯುತ್ತ ಹೋಯಿತು. 255 ಹಂತಗಳವರೆಗೆ ಅಡಗಿದ್ದ ದೋಷ ಒಂದೇ: ಕೇಳಬೇಕಾದ ಪ್ರಶ್ನೆಯನ್ನು ತಡವಾಗಿ ಕೇಳಿದ್ದು.

ಒಗಟುಗಳ ಸುತ್ತು ಬೇರೆ ಬಗೆಯದು. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸಿ, ಕೊನೆಯ ಮನೆಯಿಂದ ಒಂದೇ ನೆಗೆತಕ್ಕೆ ಹೊರಟ ಮನೆ ಸೇರಿಸುವ ಸಮಸ್ಯೆ ಕೇಳಿರಬಹುದು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಕುದುರೆ ನಡೆಗಳನ್ನು ರಚಿಸಿ ಹೆಸರಾದವರು. ಇಲ್ಲಿ ಕುದುರೆ ಮನೆಗೆ ಮರಳಿತೆಂದರೆ ಮುಗಿಯಿತು. ಬಿಡಿಸಿದವರಿಗೆ ತೃಪ್ತಿ, ಎದ್ದು ಹೋಗಲು ಅನುಮತಿ.

ಇಂದಿನ ಎಷ್ಟೋ ಮೊಬೈಲ್ ಆಟಗಳಿಗೆ ಆ ಕೊನೆಯ ಮನೆಯೇ ಇಲ್ಲ. ಆದ್ದರಿಂದ ನಿಲ್ಲುವ ಸೂಚನೆಯನ್ನು ಆಡುವವರೇ ಬರೆದುಕೊಳ್ಳಬೇಕು. 'ಸಾಕೆನಿಸುವವರೆಗೆ' ಎಂಬುದು ಸೂಚನೆಯಲ್ಲ, ಏಕೆಂದರೆ ಸಾಕೆನಿಸುವುದೇ ಇಲ್ಲ. 'ಮೂರು ಆಟ' ಅಥವಾ 'ಏಳು ಗಂಟೆಯವರೆಗೆ' ಎಂಬುದು ಸೂಚನೆ. ತಂದೆತಾಯಿಗಳೂ ಗಮನಿಸಿ. ಆಟದ ನಡುವೆ ಬಂದು ಮೊಬೈಲು ಕಸಿದುಕೊಂಡರೆ ಜಗಳವಷ್ಟೇ ಉಳಿಯುತ್ತದೆ. ಪ್ರತಿ ಆಟ ಶುರುವಾಗುವ ಮೊದಲು 'ಎಷ್ಟನೆಯದು?' ಎಂದು ಕೇಳುವ ರೂಢಿ ಮಾಡಿಸಿ. ಆಡಿ ಮುಗಿಸಿ ಆಮೇಲೆ ಎಣಿಸಿದರೆ ಏನಾಗುತ್ತದೆಂದು ಪ್ಯಾಕ್-ಮ್ಯಾನ್ ತೋರಿಸಿಕೊಟ್ಟಿದೆ.

ವಿದ್ಯಾರ್ಥಿಗಳಿಗೊಂದು ಮನೆಗೆಲಸ: ಮುಂದಿನ ಸಲ ಲೂಪ್ ಬರೆದಾಗ ಅದಕ್ಕೆ ಹತ್ತನ್ನಲ್ಲ, ಸೊನ್ನೆಯನ್ನು ಕೊಟ್ಟು ನೋಡಿ. ಏನೂ ಮಾಡದೆ ಸುಮ್ಮನಿದ್ದರೆ ನೀವು ಬರೆದದ್ದು ಸರಿಯಿದೆ.