ಛೆಟ್ರಿ ಸಂಬಳ ಮತ್ತು ಗುಬ್ಬಿಯ ಮುಂಗಡ

ತುಮಕೂರಿನಿಂದ ಬೆಂಗಳೂರು ಎಫ್‌ಸಿ ಮ್ಯಾಚಿಗೆ ಹೋಗೋದು ಅಂದ್ರೆ ಕೊನೆಯ ಹತ್ತು ನಿಮಿಷ ಬಿಟ್ಟು ಬಸ್ಸಿಗೆ ಓಡೋದು ಅಂತಲೇ ಅರ್ಥ. ಆದರೂ ಹೋಗುತ್ತಿದ್ದೆ. ಕುಣಿಗಲ್‌ನಿಂದ ಗೆಳೆಯನೊಬ್ಬ ಬಂದು ಸೇರುತ್ತಿದ್ದ. ಇಬ್ಬರಿಗೂ ನೆಪ ಒಂದೇ, ಸುನಿಲ್ ಛೆಟ್ರಿ. 2024-25ರ ಐಎಸ್‌ಎಲ್‌ನಲ್ಲಿ 40ರ ವಯಸ್ಸಿನಲ್ಲಿ ಅವರು 14 ಗೋಲು ಹೊಡೆದರು. ಭಾರತೀಯ ಆಟಗಾರರಲ್ಲಿ ಅದೇ ಹೆಚ್ಚು. 2025ರ ಆಗಸ್ಟಿನಲ್ಲಿ ಕ್ಲಬ್ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು.

'ಅಮೆರಿಕದವರ ಹಾಗೆ ಹಿರಿಯರ ಒಪ್ಪಂದ ತಿದ್ದಬಹುದಿತ್ತಲ್ವಾ?' ಅಂದ ಗೆಳೆಯ.

ಅಲ್ಲಿನ ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡದ ಸಂಬಳಕ್ಕೂ ಮಿತಿ ಇದೆ. 2025ರಲ್ಲಿ ಅದು 27.92 ಕೋಟಿ ಡಾಲರ್. ಹಿರಿಯ ಆಟಗಾರನಿಗೆ 10 ಕೋಟಿ ಕೊಡಬೇಕು ಅಂದುಕೊಳ್ಳಿ. 1 ಕೋಟಿಯನ್ನು ಸಂಬಳ ಅಂತ ಉಳಿಸಿ, 9 ಕೋಟಿಯನ್ನು ಬೋನಸ್ ಅಂತ ಕೊಡ್ತಾರೆ. ದುಡ್ಡು ಆಟಗಾರನಿಗೆ ಪೂರ್ತಿ ಸಿಗುತ್ತೆ. ಆದರೆ ಲೆಕ್ಕದಲ್ಲಿ ಬೋನಸ್ಸನ್ನು ಮೂರು ವರ್ಷಕ್ಕೆ ಹಂಚುತ್ತಾರೆ. ಈ ವರ್ಷದ ಮಿತಿಯೊಳಗೆ ಬರೋದು 4 ಕೋಟಿ ಮಾತ್ರ. ಆತ ಮುಂದಿನ ವರ್ಷ ನಿವೃತ್ತನಾದರೂ ಉಳಿದ 6 ಕೋಟಿಯ ಹೊರೆ ತಂಡದ ಲೆಕ್ಕದ ಮೇಲೇ.

ಗುಬ್ಬಿ ಕಡೆಯ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಫಸಲು ತೋರಿಸಿ ಮಂಡಿಯಲ್ಲಿ ಮುಂಗಡ ತಗೊಂಡವರೇ ಎಲ್ಲ. ಆದರೆ ಮುಂದಿನ ಫಸಲು ಬಂದೇ ಬರುತ್ತೆ ಅನ್ನೋ ನಂಬಿಕೆ ಇದ್ದರೆ ಮಾತ್ರ ಮಂಡಿಯವನು ಕೈಬಿಚ್ಚೋದು.

ಐಎಸ್‌ಎಲ್‌ನಲ್ಲೂ ಸಂಬಳದ ಮಿತಿ ಇತ್ತು, ಕೆಲವು ಋತು 16.5 ಕೋಟಿ ರೂಪಾಯಿ. ಇಲ್ಲದ್ದು ಆ ನಂಬಿಕೆ. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ನಡುವಿನ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಅಂತ ಯಾರೂ ಹೇಳಲಿಲ್ಲ. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗೋ ಲೀಗ್ ಕೊನೆಗೆ ಆರಂಭವಾಗಿದ್ದು 2026ರ ಫೆಬ್ರವರಿ 14ಕ್ಕೆ, ಅದೂ ಬರೀ 91 ಪಂದ್ಯಕ್ಕೆ ಇಳಿದು. ಲೀಗೇ ಇರುತ್ತೋ ಇಲ್ಲವೋ ಅನ್ನೋವಾಗ ಮೂರು ವರ್ಷಕ್ಕೆ ಹಂಚೋದು ಯಾವ ಲೆಕ್ಕದ ಪುಸ್ತಕದಲ್ಲಿ?

ಹಾಗಾಗಿ ನಮ್ಮಲ್ಲಿ ಒಪ್ಪಂದ ತಿದ್ದೋದು ಅಂದ್ರೆ ಸಂಬಳ ಕತ್ತರಿಸೋದು ಅಂತಲೇ ಆಗುತ್ತೆ. ಅದನ್ನು ಹಿರಿಯರ ತ್ಯಾಗ ಅಂತ ಹೊಗಳೋದು ನನಗೆ ಒಪ್ಪಿಗೆಯಿಲ್ಲ. ಛೆಟ್ರಿಯಂಥವರು ತಡೆದುಕೊಂಡಾರು. ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂರೋ 32ರ ಡಿಫೆಂಡರ್‌ಗೆ ಹೋದ ಒಂದು ಋತು ಅಂದ್ರೆ ಉಳಿದಿರೋ ದುಡಿಮೆಯ ಕಾಲು ಭಾಗ. ಕಡಿತ ಬೇಕೇ ಆದರೆ ಕಡಿದಷ್ಟು ಹಣವನ್ನು ಯಾವ ತಿಂಗಳು ಕೊಡ್ತೀರಿ ಅಂತ ಬ್ಯಾಂಕ್ ಗ್ಯಾರಂಟಿ ಸಮೇತ ಬರೆದುಕೊಡಲಿ. ಗುಬ್ಬಿ ಮಂಡಿಯಲ್ಲಾದರೂ ಚೀಟಿ ಕೊಡ್ತಾರೆ.