ಯಂತ್ರ ನುಡಿಸಿದ್ದಲ್ಲ ಸ್ವಾಮಿ!

"ಜಾಸ್ ಕೆಟ್ಟಿದ್ದೇ ಅದಕ್ಕೆ ಕರೆಂಟು ಕೊಟ್ಟ ಮೇಲೆ." ಸಂಗೀತ ಬಲ್ಲೆವು ಅನ್ನೋರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸಾಕ್ಷಿಗೆ ಅವರು ಎಳೆದು ತರೋದು ಹರ್ಬಿ ಹ್ಯಾನ್‌ಕಾಕ್‌ನ 'ಹೆಡ್ ಹಂಟರ್ಸ್' ಆಲ್ಬಮ್ಮನ್ನ. 1973ರದ್ದು. ನಾಲ್ಕೇ ನಾಲ್ಕು ಟ್ರ್ಯಾಕು. ಮಾರಾಟ ಹತ್ತು ಲಕ್ಷ ದಾಟಿತು. ಅದರ ಮೇಲಿರೋ ಆರೋಪ ಎರಡು. ಒಂದು, ಯಂತ್ರ ನುಡಿಸಿದ್ದು. ಎರಡು, ಜನಕ್ಕೆ ಇಷ್ಟವಾಗಿದ್ದು!

ಮೊದಲನೇದು ನನ್ನಂಥ ಇಂಜಿನಿಯರಿಂಗ್ ಓದಿದವನಿಗೆ ಸ್ವಲ್ಪ ಜಾಸ್ತಿನೇ ಉರಿಯುತ್ತೆ :) ಅದರಲ್ಲಿ ಕಟಕಟ ಅಂತ ಕುಣಿಯೋ ಕ್ಲಾವಿನೆಟ್ ಇದೆಯಲ್ಲ, ಅದರೊಳಗೆ ನಿಜವಾದ ತಂತಿಗಳಿವೆ. ಕೀಲಿ ಒತ್ತಿದರೆ ರಬ್ಬರ್ ತುದಿ ತಂತಿಗೆ ಬಡಿಯುತ್ತೆ, ಎಲೆಕ್ಟ್ರಿಕ್ ಗಿಟಾರ್ ಥರ ಪಿಕಪ್ ಅದನ್ನ ಹಿಡಿಯುತ್ತೆ. ಫೆಂಡರ್ ರೋಡ್ಸ್ ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ಲೋಹದ ಕಡ್ಡಿಗೆ ಬಡಿಯುತ್ತೆ. ಪೂರ್ತಿ ಎಲೆಕ್ಟ್ರಾನಿಕ್ ಅನ್ನಬಹುದಾದ್ದು ಸಿಂಥಸೈಜರ್. ಅವನ ಆರ್ಪ್ ಒಡಿಸ್ಸಿಯಲ್ಲಿ ಒಂದು ಸಲಕ್ಕೆ ಎರಡು ಸ್ವರಕ್ಕಿಂತ ಹೆಚ್ಚು ಬರ್ತಿರಲಿಲ್ಲ. ಹೊಂದಿಸಿದ ನಾದವನ್ನ ಸೇವ್ ಮಾಡೋಕೂ ಆಗ್ತಿರಲಿಲ್ಲ, ಪ್ರತಿ ಸಲ ಒಂದೊಂದೇ ಸ್ಲೈಡರ್ ಎಳೆದು ಕಿವಿಯಿಂದಲೇ ಹೊಂದಿಸಬೇಕು. 'ಕಮೀಲಿಯನ್' ಶುರುವಾಗೋ ಆ ದಪ್ಪ ಬೇಸ್ ಸಾಲು ಅದರಲ್ಲೇ, ಹ್ಯಾನ್‌ಕಾಕ್‌ನ ಬೆರಳಿಂದಲೇ ಬಂದಿದ್ದು. ಕಾಪಿ-ಪೇಸ್ಟ್ ಮಾಡೋಕೆ ಕಂಪ್ಯೂಟರ್ ಎಲ್ಲಿತ್ತು?

ಗಿಟಾರಿನವನು ಆ ಆಲ್ಬಮ್‌ನಲ್ಲಿ ಇಲ್ಲವೇ ಇಲ್ಲ. 'ಕಮೀಲಿಯನ್'ನಲ್ಲಿ ಮೇಲೆ ಚಿಟಿಚಿಟಿ ಅನ್ನೋದು ಪಾಲ್ ಜಾಕ್ಸನ್‌ನ ಬೇಸ್ ಗಿಟಾರು. ಕೆಳಗಿನ ಕೆಲಸ ಸಿಂಥಸೈಜರ್ ತಗೊಂಡಿತು, ಬೇಸ್‌ನವನು ಮೇಲಕ್ಕೆ ಹತ್ತಿದ. ಕೆಳಗೆ ಹಾರ್ವಿ ಮೇಸನ್‌ನ ಡ್ರಮ್ಸು. ಇದನ್ನ "ಯಂತ್ರ" ಅನ್ನೋರಿಗೆ ನನ್ನದೊಂದು ಪ್ರಶ್ನೆ. ನಮ್ಮ ಬೆಂಗಳೂರಲ್ಲೇ 1979ರಲ್ಲಿ ರಾಡೆಲ್‌ನ ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಇವತ್ತು ಎಷ್ಟು ಕಚೇರಿಗಳಲ್ಲಿ ಶ್ರುತಿ ಕೊಡೋದು ಪುಟ್ಟ ಪೆಟ್ಟಿಗೆ? ಆ ಪೆಟ್ಟಿಗೆಯ ಮುಂದೆ ಕೂತು ತಲೆದೂಗಿ, ಮನೆಗೆ ಬಂದು ಹ್ಯಾನ್‌ಕಾಕ್‌ಗೆ ಬೈತೀರಲ್ಲ!

"ಅದೇ ಸಾಲು ಹದಿನೈದು ನಿಮಿಷ" ಅಂತ ಇನ್ನೊಂದು ಗೊಣಗಾಟ. ಪಲ್ಲವಿಯ ಒಂದೇ ಸಾಲನ್ನ ಸಂಗತಿ ಮೇಲೆ ಸಂಗತಿ ಹಾಕಿ ಹಾಡಿದಾಗ ಯಾರಾದ್ರೂ ಎದ್ದು ಹೋಗ್ತೀರಾ? ಸಾಲು ನಿಂತಲ್ಲೇ ನಿಂತಿರೋದ್ರಿಂದಲೇ ಅದರ ಮೇಲೆ ಏನಾಗ್ತಿದೆ ಅಂತ ಕಿವಿಗೆ ಗೊತ್ತಾಗೋದು. ಮೊದಲು ಕಾಲು ಅಲ್ಲಾಡುತ್ತೆ, ಆಮೇಲೆ ಬೆನ್ನಿ ಮೌಪಿನ್‌ನ ಸ್ಯಾಕ್ಸೋಫೋನು ಬಂದಾಗ ತಲೆ ಎದ್ದು ಕೂರುತ್ತೆ. ಕಾಲಿಗೆ ಮೊದಲು ಮುಟ್ಟಿದ್ದು ತಲೆಗೆ ಮುಟ್ಟಲ್ಲ ಅಂತ ಯಾವ ಶಾಸ್ತ್ರದಲ್ಲಿದೆ? ಯಕ್ಷಗಾನದ ಚೆಂಡೆ ಕೇಳಿದವರು ಈ ಮಾತು ಆಡಬಾರದು ಕಣ್ರೀ.

ಇನ್ನು "ದುಡ್ಡಿಗೆ ಮಾರಿಕೊಂಡ" ಅನ್ನೋದು. ಹನ್ನೊಂದನೇ ವಯಸ್ಸಿಗೆ ಶಿಕಾಗೋ ಸಿಂಫನಿ ಜೊತೆ ಮೊಜಾರ್ಟ್ ನುಡಿಸಿದವನು, ಕಾಲೇಜಿಗೆ ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದೋಕೆ (ನಮ್ಮವನೇ!), ಆಮೇಲೆ ಐದು ವರ್ಷ ಮೈಲ್ಸ್ ಡೇವಿಸ್ ಪಕ್ಕದಲ್ಲಿ ಪಿಯಾನೋ. ಇಂಥವನು ಸ್ಲೈ ಸ್ಟೋನ್‌ನ ಫಂಕ್ ಕೇಳಿ ಮರುಳಾದ. ಮುಚ್ಚಿಡಲಿಲ್ಲ, ಒಂದು ಟ್ರ್ಯಾಕಿಗೆ 'ಸ್ಲೈ' ಅಂತಲೇ ಹೆಸರಿಟ್ಟ. ಮಾರೋದೇ ಗುರಿಯಾಗಿದ್ರೆ ಒಬ್ಬ ಹಾಡುಗಾರನನ್ನ ತಂದು ಮೂರು ನಿಮಿಷಕ್ಕೆ ಕತ್ತರಿಸ್ತಿದ್ದ. ಇಲ್ಲಿ ಸಾಹಿತ್ಯವೇ ಇಲ್ಲ, ಕೊನೆಗೆ ಒಂಬತ್ತು ನಿಮಿಷ ತೆವಳಿಕೊಂಡು ಹೋಗೋ 'ವೇನ್ ಮೆಲ್ಟರ್'. ಊಸರವಳ್ಳಿ ಅಂತ ಬೈಯೋರಿಗೂ ಕೆಲಸ ಉಳಿಸಲಿಲ್ಲ, ಕಮೀಲಿಯನ್ ಅಂದ್ರೆ ಅದೇ ತಾನೇ?

ತಪ್ಪು ಹುಡುಕಲೇಬೇಕಾ? ಹಾಗಾದ್ರೆ 'ವಾಟರ್‌ಮೆಲನ್ ಮ್ಯಾನ್' ಕೇಳಿ. 1962ರ ತನ್ನದೇ ಹಾಡನ್ನ ಹ್ಯಾನ್‌ಕಾಕ್ ಇಲ್ಲಿ ಬಿಚ್ಚಿ ಹೊಸದಾಗಿ ಕಟ್ಟಿದ್ದಾನೆ. ಶಿಕಾಗೋ ಬೀದಿಯಲ್ಲಿ ಕಲ್ಲಂಗಡಿ ಮಾರೋನ ನೆನಪಿನ ಹಾಡು. ಶುರುವಿನಲ್ಲಿ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿ ಊದಿ, ನಡುನಡುವೆ ದನಿ ಸೇರಿಸ್ತಾನೆ. ಎಷ್ಟು ಚೆಂದ! ಆದ್ರೆ ಆ ರೀತಿ ಅವನದಲ್ಲ. ಅದು ಮಧ್ಯ ಆಫ್ರಿಕಾದ ಕಾಡಿನ ಬಾಬೆಂಜೆಲೆ ಜನರದ್ದು. ಒಂದೇ ಸ್ವರದ ಪುಟ್ಟ ಕೊಳಲನ್ನೂ ಗಂಟಲನ್ನೂ ಬದಲಾಯಿಸ್ತಾ ಹೋಗೋ 'ಹಿಂಡೆವ್ಹು'. ಸಿಮ್ಹಾ ಆರೋಮ್ ಮತ್ತು ಜೆನೆವೀವ್ ತೊರೆಲ್ ಧ್ವನಿಮುದ್ರಿಸಿದ 1966ರ ರೆಕಾರ್ಡಿನಿಂದ ಅದು ಹೊರಗಿನ ಕಿವಿಗಳಿಗೆ ಬಿತ್ತು. 1994ರಲ್ಲಿ ಮಡೋನಾ ತನ್ನ 'ಸ್ಯಾಂಕ್ಚುಯರಿ'ಗೆ 'ವಾಟರ್‌ಮೆಲನ್ ಮ್ಯಾನ್' ತುಣುಕು ಬಳಸಿದಾಗ ಹಾಡಿನ ರಚನೆಕಾರರ ಸಾಲಿನಲ್ಲಿ ಹ್ಯಾನ್‌ಕಾಕ್ ಹೆಸರು ಬಂತು. ಬಾಬೆಂಜೆಲೆ ಅನ್ನೋ ಹೆಸರು ಬರಲಿಲ್ಲ. ಸ್ಟೀವನ್ ಫೆಲ್ಡ್ ಅನ್ನೋ ವಿದ್ವಾಂಸ 1996ರಲ್ಲಿ ಇದರ ಬಗ್ಗೆ ಉದ್ದಕ್ಕೆ ಬರೆದ.

ನಿಜವಾದ ಜಗಳ ಇಲ್ಲಿದೆ. ಯಾರ ಉಸಿರು, ಯಾರ ಹೆಸರು, ಯಾರ ದುಡ್ಡು? ನಮ್ಮ ಪಂಡಿತರು ಇಷ್ಟು ವರ್ಷ ಕರೆಂಟಿನ ಬಿಲ್ಲು ಹಿಡಿದುಕೊಂಡು ಕೂತಿದ್ದಾರೆ, ಇದನ್ನ ಎತ್ತಿದ್ದು ಒಂದು ಸಲವೂ ನನ್ನ ಕಿವಿಗೆ ಬಿದ್ದಿಲ್ಲ. ಇರಲಿ, ವಾದಕ್ಕೆ ನಾನು ತಯಾರು. ಬರೋ ಮುಂಚೆ 41 ನಿಮಿಷ ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿ ಬನ್ನಿ, ಅಷ್ಟೇ.