ಸುಟ್ಟ ಕಬ್ಬಿನ ಮೇಲಿನ ಕಿತ್ತಳೆ ಬೂಷ್ಟು

ಕಬ್ಬು ಕಡಿದು ರವದಿಗೆ ಬೆಂಕಿ ಹಾಕಿದ ಕೆಲವೇ ದಿನಗಳಲ್ಲಿ ಸುಟ್ಟ ಕೂಳೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿಯಂಥ ಬೂಷ್ಟು ಏಳುವುದುಂಟು. ಅದು ನ್ಯೂರೋಸ್ಪೋರ, ಮಲಗಿದ್ದ ಅದರ ಬೀಜಕಗಳನ್ನು ಎಬ್ಬಿಸುವುದೇ ಬೆಂಕಿಯ ಬಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿ ಅದರ ಬದುಕನ್ನು ಕಬ್ಬಿನ ಗದ್ದೆಗೇ ಹೋಗಿ ಅಭ್ಯಾಸ ಮಾಡಿದವರು. ಜೀನ್‌ಗೂ ಕಿಣ್ವಕ್ಕೂ ಇರುವ ನಂಟನ್ನು ಬೀಡಲ್ ಮತ್ತು ಟೇಟಮ್ 1941ರಲ್ಲಿ ತೋರಿಸಿದ್ದು, 1958ರಲ್ಲಿ ನೊಬೆಲ್ ಪಡೆದದ್ದು ಇದೇ ಕುಲದ ಬೂಷ್ಟಿನಿಂದ. ನನಗೆ ಅದಕ್ಕಿಂತ ಬೆರಗು ಹುಟ್ಟಿಸುವುದು ಇದರ ಕಾವಲು. ಲೈಂಗಿಕ ಹಂತಕ್ಕೆ ಬಂದಾಗ ನ್ಯೂರೋಸ್ಪೋರ ಕ್ರಾಸಾ ತನ್ನ ಡಿಎನ್‌ಎಯನ್ನೆಲ್ಲ ಜಾಲಾಡುತ್ತದೆ. ಒಂದೇ ಸಾಲು ಎರಡು ಕಡೆ ಸಿಕ್ಕಿತೋ, ಎರಡರಲ್ಲೂ ‘ಸಿ’ ಅಕ್ಷರಗಳನ್ನು ‘ಟಿ’ ಮಾಡಿ ಕೆಡಿಸಿಬಿಡುತ್ತದೆ. 1987ರಲ್ಲಿ ಎರಿಕ್ ಸೆಲ್ಕರ್ ತಂಡ ವರದಿ ಮಾಡಿದ ಈ ಕ್ರಿಯೆಯ ಹೆಸರು ರಿಪ್. ನಕಲಾಗುತ್ತ ಹರಡುವ ಜಿಗಿಯುವ ಜೀನ್‌ಗಳ ಆಟ ಅಲ್ಲಿಗೆ ಮುಗಿಯಿತು. ಆದರೆ ತೆತ್ತ ಬೆಲೆ ದೊಡ್ಡದು. ಜೀವಲೋಕದಲ್ಲಿ ಹೊಸ ಜೀನ್ ಹುಟ್ಟುವುದು ಬಹುಮಟ್ಟಿಗೆ ಹಳೆಯದರ ನಕಲಿನಿಂದ. ಆ ಬಾಗಿಲನ್ನೇ ಇದು ಹೆಚ್ಚುಕಡಿಮೆ ಮುಚ್ಚಿಕೊಂಡಿದೆ. 2003ರಲ್ಲಿ ಪ್ರಕಟವಾದ ಇದರ ಜೀನೋಮ್‌ನ ಸುಮಾರು 10,000 ಜೀನ್‌ಗಳಲ್ಲಿ ಒಂದನ್ನೊಂದು ಬಹಳವಾಗಿ ಹೋಲುವ ಜೋಡಿಗಳು ತೀರ ವಿರಳ. ಹಾಗಾದರೆ ಇದು ವಿಕಾಸವಾಗುವುದು ಹೇಗೆ? ಪಿಎಚ್.ಡಿ. ಮುಗಿಸಿ, ಎರಡು ಮೂರು ವರ್ಷದ ಫೆಲೋಶಿಪ್ ನಂಬಿ ಕೂತ ಎಳೆಯ ಸಂಶೋಧಕರು ಹಿಡಿಯಬೇಕಾದದ್ದು ಇಂಥ ಪ್ರಶ್ನೆಗಳನ್ನೇ. ಅದರಿಂದ ನಾಳೆ ಏನು ಲಾಭ ಎಂದು ಕೇಳಿ ಅವರನ್ನು ಅವಸರಪಡಿಸಬೇಡಿ. ಸುಟ್ಟ ಗದ್ದೆಯ ಬದುವಿನಲ್ಲಿ ಹೋಗುವಾಗ ಒಮ್ಮೆ ಬಾಗಿ ನೋಡಿ, ಮಕ್ಕಳಿಗೂ ತೋರಿಸಿ.